ಬಾಳೆತೋಟದ ಪಿಚ್ಚರಿಗೊಂದು ತಕರಾರು

ಹದಿನಾರಿನ ಗುರುಮಲ್ಲಪ್ಪನವರು ಯಾವುದನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಊರಿನ ಹೆಸರು ಹದಿನಾರು ಎಂದರೆ ಹದಿನಾರು ಏನು, ಎಣಿಸಿದವರು ಯಾರು ಎಂದು ಕೇಳಿ ಚಿಕ್ಕಂದಿನಲ್ಲೇ ಮೇಷ್ಟ್ರ ಕೈಲಿ ಬೆಂಚಿನ ಮೇಲೆ ನಿಲ್ಲಿಸಿಕೊಂಡವರು. ನಂಜನಗೂಡಿನ ಬಸ್ಸಿನ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಹತ್ತಿ ಕೂತ ಮೇಲೂ ಪಕ್ಕದವರ ಕಡೆ ವಾಲಿ "ಇದು ನಂಜನಗೂಡಿಗೇ ಓಯ್ತದ ತಾನೆ?" ಎನ್ನುತ್ತಿದ್ದರು. ಕಾಫಿಗೆ ಸಕ್ಕರೆ ಹಾಕಿದ್ದೇನೆ ಎಂದು ಹೆಂಡತಿ ರುದ್ರಾಣಿ ಹೇಳಿದರೂ ಚಮಚದಲ್ಲಿ ತಳ ಕೆದಕಿ ನೋಡಿಯೇ ಕುಡಿಯುವುದು. "ನನ್ನ ಮಕ ನೋಡಿ ತಾಳಿ ಕಟ್ಟಿದ್ದೇ ದೊಡ್ಡದು ಬುಡಿ" ಎಂದು ಆಕೆ ಆ ವಿಷಯವನ್ನು ಎಂದೋ ಕೈಬಿಟ್ಟಿದ್ದರು. ಫೋನಿನಲ್ಲಿ ಓಟಿಪಿ ಕೇಳುವ ಕಳ್ಳರು ಹುಟ್ಟಿಕೊಂಡ ಮೇಲೆ, ಅದೂ ಒಂದೆರಡು ಸಲ ಟೋಪಿ ಹಾಕಿಸಿಕೊಂಡ ಮೇಲೆ, ಹುಷಾರಾಗಲು ಕಲಿತ ನಮ್ಮಂಥ ಪೆದ್ದರಿಗಿಂತ ಅವರು ಒಂದು ತಲೆಮಾರು ಮುಂದಿದ್ದರು.

ಇಂಥ ಮನೆಗೆ ಸೊಸೆಯಾಗಿ ಬಂದ ಬಿಂದುಶ್ರೀ ಒಂದು ಭಾನುವಾರ ಬೆಳಿಗ್ಗೆ ಮೊಬೈಲು ಹಿಡಿದುಕೊಂಡು ಜಗುಲಿಗೆ ಓಡಿಬಂದಳು.

"ಮಾವ, ನಮ್ ತೋಟ ಸರ್ಕಾರದ ದಾಖಲೆಗೆ ಸೇರ್ಕಂಡದ ನೋಡಿ."

ದಾಖಲೆ ಎಂಬ ಮಾತಿಗೆ ಗುರುಮಲ್ಲಪ್ಪನವರ ಕೈಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು. ಅವರಿಗೆ ಗೊತ್ತಿದ್ದ ದಾಖಲೆ ಒಂದೇ, ಪಹಣಿ. ಅದರಲ್ಲಿ ಹೆಸರಿದ್ದವನದು ಜಮೀನು, ಇಲ್ಲದವನದು ಕೋರ್ಟು.

ವಿಷಯ ಇಷ್ಟೆ. ದೇಶದ ಹಳೆಯ ಸಿನಿಮಾ, ಟಿ.ವಿ. ಕಾರ್ಯಕ್ರಮಗಳನ್ನೆಲ್ಲ ಸರ್ಕಾರ ಒಂದು ಕಡೆ ಗುಡ್ಡೆ ಹಾಕಿ, ಯಾರು ಬೇಕಾದರೂ ನೋಡಲಿ ಎಂದು ಇಂಟರ್‌ನೆಟ್ಟಿನಲ್ಲಿ ಇಟ್ಟಿತ್ತು. ಅದರೊಳಗೆ ರೈತರ ಹಳೇ ಕಾರ್ಯಕ್ರಮವೊಂದರಲ್ಲಿ ಹದಿನಾರಿನ ರಸಬಾಳೆ ತೋಟ ಸಿಕ್ಕಿತ್ತು. ಚಿತ್ರದಲ್ಲಿ ಇವರ ಬಾವಿ, ಇವರ ಕಲ್ಲುಕಂಬ, ಇವರದೇ ಬಾಳೆ. ಮುಂದೆ ನಿಂತಿದ್ದವನು ಮಾತ್ರ ಮೀಸೆ ತೀಡಿಕೊಂಡ ಚಿಕ್ಕಸ್ವಾಮಿ. ಕೆಳಗೆ ಬರೆದಿತ್ತು: 'ಹದಿನಾರು ಗ್ರಾಮದ ರೈತ ಚಿಕ್ಕಸ್ವಾಮಿಯವರ ಬಾಳೆತೋಟ.'

ಚಿಕ್ಕಸ್ವಾಮಿ ಒಂದು ಕಾಲಕ್ಕೆ ಪಕ್ಕದ ಹೊಲದವನು, ಒಟ್ಟಿಗೆ ಗೋಲಿ ಆಡಿದವನು. ಈಗ ಟಿ. ನರಸೀಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ತೋಟ ಮೂಲದಲ್ಲಿ ಅವನ ಅಪ್ಪನದೇ. ಗುರುಮಲ್ಲಪ್ಪನವರ ಅಪ್ಪ ಕ್ರಯಕ್ಕೆ ಪಡೆದು ಬಾಳೆ ಹಾಕಿದ್ದು.

"ಸುಮ್ಸುಮ್ನೆ ಬರೀತಾರ? ಚಿಕ್ಕಸ್ವಾಮಿನೇ ಬರಸವ್ನೆ. ನಾಳಿಕೆ ಅವ್ನ ಮಕ್ಳು ಇದ ತಕಂಡೋಗಿ ಕೋರ್ಟಲ್ಲಿ ಇಟ್ರೆ?"

"ಅದು ಪಿಚ್ಚರು ಮಾವ. ಆಡುಸ್ತೀನಿ ಇರಿ, ಏನ್ ಮಾತಾಡವ್ರೆ ಕೇಳನ."

ಆಡಿಸಲು ಹೋದರೆ ಪರದೆಯ ಮೇಲೆ ಒಂದು ಗುಂಡಿ ಬಂತು: 'ಒಪ್ಪುತ್ತೇನೆ.' ಅದನ್ನೊತ್ತಿದರೇ ಮುಂದಕ್ಕೆ ದಾರಿ.

"ಒತ್ತಬ್ಯಾಡ ಕಣವ್ವ" ಎಂದು ಗುರುಮಲ್ಲಪ್ಪನವರು ಸೊಸೆಯ ಕೈಗೇ ಅಡ್ಡ ಬಂದರು. "ತೋಟ ಅವುಂದು ಅಂತ ಬರದು, ಕೆಳಗಡ ಒಪ್ತೀಯಾ ಅಂತ ಕೇಳ್ತಾವ್ರೆ. ಎಬ್ಬೆಟ್ಟು ಒತ್ತುಸ್ಕಳಕ್ಕೆ ಮಾಡಿರ ಕೆಲಸ ಇದು. ಇಲ್ದಿದ್ರೆ ಸರ್ಕಾರದೋರು ಕಾಸು ಕರ್ಚು ಮಾಡಿ ಪುಕ್ಕಟೆ ಪಿಚ್ಚರ್ ತೋರ್ಸಕ್ಕೆ ಅವ್ರಿಗೇನ್ ತಲೆ ಕೆಟ್ಟದಾ?"

ಮರುದಿನ ತಾಲ್ಲೂಕು ಕಚೇರಿಗೆ ಹೋಗಿ ತಕರಾರು ಅರ್ಜಿ ಕೊಟ್ಟರು. ಗುಮಾಸ್ತ ಓದಿದ, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. "ಯಜಮಾನ್ರೇ, ಪಹಣಿಲಿ ನಿಮ್ದೇ ಹೆಸರದ. ಪಿಚ್ಚರಿಗೆಲ್ಲ ಇಲ್ಲಿ ತಿದ್ದುಪಡಿ ಮಾಡಕ್ಕಾಗಲ್ಲ. ನಮ್ಮದರಲ್ಲಿ ಇರೋ ತಪ್ಪುಗಳೇ ನಮಗೆ ಸಾಕಾಗಿವೆ."

ಪಹಣಿಯಲ್ಲಿ ತಮ್ಮದೇ ಹೆಸರಿದೆ ಎಂಬ ಮಾತು ಅವರಿಗೆ ಸಮಾಧಾನ ಕೊಡಲಿಲ್ಲ. ಅಷ್ಟು ಬೇಗ, ಅಷ್ಟು ನಯವಾಗಿ ಉತ್ತರ ಕೊಡುವ ಗುಮಾಸ್ತನನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಇವನಿಗೂ ನರಸೀಪುರದ ಕಡೆ ನೆಂಟಸ್ತನ ಇರಬೇಕು ಎಂದುಕೊಂಡು, ಅಲ್ಲಿಂದಲೇ ನರಸೀಪುರದ ಬಸ್ಸು ಹತ್ತಿದರು. ಎಷ್ಟು ಸಿಟ್ಟಿತ್ತೆಂದರೆ, ಇದು ಎಲ್ಲಿಗೆ ಹೋಗುವ ಬಸ್ಸೆಂದು ಯಾರನ್ನೂ ಕೇಳಲಿಲ್ಲ.

ಚಿಕ್ಕಸ್ವಾಮಿ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ.

"ಬಾಪ್ಪ ಗುರುಮಲ್ಲ. ಏನು, ತಕ್ಕಡಿ ಚೆಕ್ ಮಾಡಕ್ ಬಂದ್ಯಾ?"

"ತಕ್ಕಡಿ ಆಮೇಲೆ. ನನ್ ತೋಟ ಯಾವಾಗ್ಲಾ ನಿಂದಾಯ್ತು?"

ವಿಷಯ ತಿಳಿಯುವ ಹೊತ್ತಿಗೆ ಅಂಗಡಿಗೆ ಬಂದಿದ್ದ ಗಿರಾಕಿಗಳೂ ಮೊಳೆ ಮರೆತು ಕೂತಿದ್ದರು. ಚಿಕ್ಕಸ್ವಾಮಿ ನಗುತ್ತಾ ತನ್ನ ಮೊಬೈಲು ತೆಗೆದು, ಹುಡುಕಿ, ಗುರುಮಲ್ಲಪ್ಪನವರು ಬೇಡ ಬೇಡ ಎನ್ನುತ್ತಿದ್ದಂತೆ 'ಒಪ್ಪುತ್ತೇನೆ' ಎಂಬುದನ್ನು ಒತ್ತಿಯೇಬಿಟ್ಟ.

ಪಿಚ್ಚರು ಓಡಿತು. ಬಣ್ಣ ಮಾಸಿದ ತೋಟದಲ್ಲಿ ಪ್ಯಾಂಟು ಹಾಕಿದವರೊಬ್ಬರು ಮೈಕು ಹಿಡಿದು ಕೇಳಿದರು, "ಈ ತೋಟ ಯಾರದ್ದು?" ಹುಡುಗಪ್ರಾಯದ ಚಿಕ್ಕಸ್ವಾಮಿ ಸುತ್ತಮುತ್ತ ನೋಡಿ, ಉಗುಳು ನುಂಗಿ, "ನಂದೇ ಸಾ" ಅಂದ.

"ನೋಡ್ದ್ಯಾ, ನಿನ್ ಬಾಯಲ್ಲೇ ಬಂತು" ಎಂದರು ಗುರುಮಲ್ಲಪ್ಪನವರು.

"ನನ್ ಬಾಯಿ ಬುಡು. ಇಲ್ ನೋಡು, ನನ್ ಹಿಂದ್ಗಡ."

ಚಿಕ್ಕಸ್ವಾಮಿಯ ಹೆಗಲ ಹಿಂದೆ, ಬಾಳೆ ಎಲೆಗಳ ಸಂದಿಯಲ್ಲಿ ಒಂದು ತಲೆ. ಎರಡು ಕೈ ಜೋಡಿಸಿ, ಬೇಡ ಬೇಡ ಎಂದು ತಲೆ ಆಡಿಸುತ್ತಿತ್ತು. ಗುರುಮಲ್ಲಪ್ಪನವರು ಮೊಬೈಲಿಗೆ ಮೂಗು ತಾಗಿಸಿ ನೋಡಿದರು. ತಲೆಯ ಮೇಲುಗಡೆ, ಕರೆಂಟು ಕಂಬದ ತಂತಿಗೆ ಬಿದಿರು ಕೋಲಿನ ತುದಿಯ ಕೊಕ್ಕೆಯೊಂದು ನೇತುಬಿದ್ದಿತ್ತು. ಅದರಿಂದ ಇಳಿದ ವೈರು ಸೀದಾ ಬಾವಿಯ ಪಂಪಿಗೆ ಹೋಗಿತ್ತು. ಮೀಟರಿಲ್ಲದ ಕರೆಂಟು.

ಅವರಿಗೆ ಆ ದಿನ ನೆನಪಿತ್ತು. ಟಿ.ವಿ.ಯವರ ದಿನ ಎಂದು ಮಾತ್ರ ನೆನಪಿರಲಿಲ್ಲ. ವ್ಯಾನು ಬಂದಿತ್ತು, ವೈರು ಸುತ್ತಿಕೊಂಡವರು ಇಳಿದಿದ್ದರು, ಒಬ್ಬ ಏನೋ ಯಂತ್ರ ಹೆಗಲ ಮೇಲಿಟ್ಟುಕೊಂಡು ಕಂಬದ ಕಡೆಗೇ ಗುರಿ ಹಿಡಿದಿದ್ದ. ಕರೆಂಟು ಕಳ್ಳರನ್ನು ಹಿಡಿಯುವವರೇ ಸರಿ ಎಂದು ಗುರುಮಲ್ಲಪ್ಪನವರು ಬಾಳೆಯೊಳಗೆ ನುಗ್ಗಿದ್ದರು.

"ತ್ವಾಟ ನಿಂದು ಅಂತ ನಾನು ಏಳ್ಬಾರ್ದು ಅಂತ ಕೈ ಮುಗೀತಿದ್ದೆ ನೀನು" ಎಂದ ಚಿಕ್ಕಸ್ವಾಮಿ. "ನಿನ್ ಮಕ ನೋಡಿ ನಂಗೂ ದಿಗಿಲಾಯ್ತು. ಇಡುದ್ರೆ ನನ್ನೇ ಇಡೀಲಿ, ಇವ್ನಿಗೆ ಈಗಷ್ಟೇ ಮದ್ವೆ ಗೊತ್ತು ಮಾಡವ್ರೆ ಅಂತ ನಂದೇ ಅಂದ್ಬುಟ್ಟೆ. ಸಾಯಂಕಾಲ್ವೇ ಏಳ್ದೆ, ಅವ್ರು ಟಿ.ವಿ.ನೋರು ಕಣ್ಲಾ ಅಂತ. ನಂಬುದ್ಯಾ ನೀನು?"

ನಂಬಿರಲಿಲ್ಲ. ಕರೆಂಟಿನವರು ಹಾಗೇ ಹೇಳಿಕೊಂಡು ಬರುವುದು ಎಂದು ಇವನಿಗೇ ಬುದ್ಧಿ ಹೇಳಿದ್ದರು. ನಿಜವಾಗಿಯೂ ಕರೆಂಟಿನವರೇ ಆಗಿದ್ದರೆ ಇವನ ಗತಿ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದಾಗ, ಅದಕ್ಕೆ ಎದುರು ಒಡ್ಡಲು ಯಾವ ಅನುಮಾನವೂ ಅವರ ಬಳಿ ಇರಲಿಲ್ಲ.

"ಈಗೇನ್ ಮಾಡನ?" ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ.

"ತಪ್ಪಿದ್ರೆ ತಿಳಿಸಿ ಅಂತ ಪಿಚ್ಚರ್ ಕೆಳಗಡ ನಂಬರ್ ಕೊಟ್ಟವ್ರೆ. ತಿಳ್ಸನ. ಆದ್ರೆ ಯೋಚ್ನೆ ಮಾಡ್ಕೊ. ತ್ವಾಟ ನಿಂದು ಅಂದ್ರೆ ಕೊಕ್ಕೆನೂ ನಿಂದೇ."

ಗಿರಾಕಿಗಳು ಹೋ ಎಂದು ನಕ್ಕರು. ಗುರುಮಲ್ಲಪ್ಪನವರು ನಗಲಿಲ್ಲ. ಮೌನವಾಗಿದ್ದರೆ ತೋಟ ಕೈಬಿಡುತ್ತದೆಂಬ ಭಯ, ಬಾಯಿಬಿಟ್ಟರೆ ಹಳೇ ಬಿಲ್ಲು ಬಡ್ಡಿಸಮೇತ ಬರುತ್ತದೆಂಬ ಭಯ. ಇದೆಲ್ಲ ಕರೆಂಟು ಇಲಾಖೆಯವರದೇ ಸಂಚಾಗಿದ್ದರೂ ಆಗಿರಬಹುದು. ಆದರೆ ಮೊಬೈಲಿನಲ್ಲಿ ಆ ಮೀಸೆಯ ಹುಡುಗ ಉಗುಳು ನುಂಗುತ್ತ ನಿಂತೇ ಇದ್ದ.

"ಮಾಡು ಕಣ್ಲಾ ಫೋನ" ಎಂದರು.

ಆ ಕಡೆ ಫೋನೆತ್ತಿದ ಹೆಣ್ಣುಮಗಳು ತನ್ನ ಹೆಸರು ಶಾಲಿನಿ, ಹಳೇ ಚಿತ್ರಗಳ ವಿವರ ಸರಿಪಡಿಸುವ ಕೆಲಸ ತನ್ನದು ಎಂದಳು. ಗುರುಮಲ್ಲಪ್ಪನವರು ಅವಳ ಅಪ್ಪನ ಹೆಸರು, ಊರು, ಕರೆಂಟಿನ ಕಚೇರಿಯಲ್ಲಿ ನೆಂಟರಿದ್ದಾರೆಯೇ ಎಂಬುದನ್ನೆಲ್ಲ ವಿಚಾರಿಸಿದ ಮೇಲೆ ತೋಟ ತಮ್ಮದೆಂದರು.

"ಆಯ್ತು ಸರ್, ತಿದ್ದುತ್ತೀನಿ. ಮಾತಾಡ್ತಿರೋರು?"

"ಅವ್ರು ಚಿಕ್ಕಸ್ವಾಮಿಯವ್ರು. ನಮ್ಮೋರು. ಅವ್ರ ಎಸರ ತಗೀಬ್ಯಾಡಿ."

"ಹಿಂದೆ ಬಾಳೆಗಿಡದೊಳಗೆ ಒಬ್ಬರು ಕೈ ಮುಗಿದುಕೊಂಡು ನಿಂತಿದ್ದಾರಲ್ಲ, ಅವರು ಯಾರು ಗೊತ್ತಾ ಸರ್? ನಮಗೆ ತುಂಬ ದಿನದಿಂದ ಕುತೂಹಲ."

ಅಂಗಡಿಯೆಲ್ಲ ಕಿವಿಯಾಯಿತು. ಚಿಕ್ಕಸ್ವಾಮಿ ತಕ್ಕಡಿಯ ಕಡೆ ಮುಖ ತಿರುಗಿಸಿಕೊಂಡು, ನಗು ತಡೆಯಲಾರದೆ ಹೆಗಲು ಕುಣಿಸುತ್ತಿದ್ದ.

"ಅವ್ನೇ ಕಣವ್ವ ತೋಟದ ಯಜಮಾನ" ಎಂದರು ಗುರುಮಲ್ಲಪ್ಪನವರು. "ನಾನೇಯ."

"ಅಲ್ಲೇನು ಮಾಡ್ತಿದ್ರಿ ಸರ್?"

"ನೀವ್ ಬತ್ತೀರಿ ಅಂತ ಗೊತ್ತಿತ್ತಲ್ಲ, ನಮಸ್ಕಾರ ಮಾಡ್ತಿದ್ದೆ. ಅಂಗೇ ಬರ್ಕಳಿ."