ಉಳಿದಿದ್ದ ಒಂದೇ ಸಿನಿಮಾ

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಸಿನಿಮಾ ಮೇಡಂ ಎನ್ನುತ್ತಿದ್ದರು. ‘ಚಲನಚಿತ್ರ ಮತ್ತು ಜನಪ್ರಿಯ ಸಂಸ್ಕೃತಿ ಅಧ್ಯಯನ ವಿಭಾಗ’ ಎಂಬ ಉದ್ದದ ಬೋರ್ಡಿನ ಹಿಂದಿದ್ದ ಗಿಡ್ಡ ಕೋಣೆಯಲ್ಲಿ ಅವಳು ತಾತ್ಕಾಲಿಕ ಅಧ್ಯಾಪಕಿ. ತಾತ್ಕಾಲಿಕ ಎಂಬುದು ಇಷ್ಟು ದೀರ್ಘಕಾಲಿಕವಾಗಬಹುದೆಂದು ಸೇರಿದಾಗ ಯಾರೂ ಹೇಳಿರಲಿಲ್ಲ. ವರ್ಷಕ್ಕೊಂದು ಸಂಶೋಧನಾ ಪ್ರಬಂಧ ಅಚ್ಚಾದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಕಷ್ಟವೇನೆಂದರೆ, ಅವಳು ಯಾವುದರ ಮೇಲೆ ಪ್ರಬಂಧ ಬರೆದರೂ ಅದರೊಡನೆ ಸಂಬಂಧ ಮುಗಿಯುತ್ತಿತ್ತು. ದುರಂತ ನಾಯಕಿಯರ ಕಣ್ಣೀರಿನ ಬಗ್ಗೆ ಬರೆದ ಮೇಲೆ, ತೆರೆಯಲ್ಲಿ ಯಾರು ಗೋಳೋ ಎಂದರೂ ಅವಳಿಗೆ ಗ್ಲಿಸರಿನ್ನೇ ಕಾಣುತ್ತಿತ್ತು. ಮಳೆಯ ಹಾಡುಗಳ ಬಗ್ಗೆ ಬರೆದಳು, ನೀರಿನ ಪೈಪು ಕಂಡಿತು. ಖಳನಾಯಕರು ಹೋದರು, ಅವರ ಹಿಂದೆಯೇ ಭೂತಬಂಗಲೆಗಳೂ ಹೋದವು.

“ಶುಕ್ರವಾರದೊಳಗೆ ವಿಷಯ ಕೊಡಿ ಮೇಡಂ” ಎಂದರು ವಿಭಾಗದ ಮುಖ್ಯಸ್ಥರು. “ನಿಮಗೆ ಇಷ್ಟವಾದದ್ದನ್ನೇ ತಗೊಳ್ಳಿ.”

“ವಿಷಯ ಅನ್ನೋದರಲ್ಲಿ ವಿಷ ಮುಂದಿರುತ್ತೆ ಸರ್, ಯಮನ ಯ ಹಿಂದಿರುತ್ತೆ. ಇಷ್ಟವಾದದ್ದೆಲ್ಲ ಖಾಲಿಯಾಗಿದೆ.”

“ಹಾಗಾದ್ರೆ ಇಷ್ಟವಿಲ್ಲದ್ದು ತಗೊಳ್ಳಿ.”

“ಎರಡು ಕೊಟ್ಟಿದ್ದೆ. ಜೀವ ಇಲ್ಲ ಅಂತ ನೀವೇ ವಾಪಸ್ ಕಳಿಸಿದ್ರಿ.”

“ಇರಲಿಲ್ಲವಲ್ಲ” ಎಂದು ಅವರು ಕನ್ನಡಕ ಒರೆಸಿಕೊಂಡರು.

ಉಳಿದಿದ್ದದ್ದು ಒಂದು ಹಳೆಯ ಹಾಸ್ಯಚಿತ್ರ. ಅದು ಅವಳೊಬ್ಬಳದಲ್ಲ, ಅಕ್ಕನದೂ ಹೌದು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಈಗ ಅವಳ ಕಣ್ಣು ಮಂಜಾಗಿ, ಹೊಲಿಯಲು ಬರುವ ಬಟ್ಟೆಗಳೂ ಕಡಿಮೆಯಾಗಿದ್ದವು. ಅಮ್ಮ ತೀರಿಕೊಂಡಂದಿನಿಂದ ಇಬ್ಬರ ಮಾತೂ ಎಣ್ಣೆ–ಸೀಗೆಕಾಯಿ. ಆದರೆ ಭಾನುವಾರ ಮಧ್ಯಾಹ್ನ ಆ ಸಿನಿಮಾ ಹಾಕಿದರೆ ಸಾಕು, ಒಂದೇ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದರು. ಅದರಲ್ಲಿ ಬಾಡಿಗೆದಾರ ತನ್ನನ್ನು ಓಡಿಸಲು ಬಂದ ಮನೆ ಮಾಲೀಕನ ಕೈಯಲ್ಲೇ ಬೀರು ಹೊರಿಸುತ್ತಾನೆ. ಮಾಲೀಕ ಅದನ್ನು ಮನೆಯೆಲ್ಲ ಸುತ್ತಿಸಿ, ಇದ್ದ ಜಾಗದಲ್ಲೇ ಇಟ್ಟು, ಬೆವರೊರೆಸಿಕೊಂಡು, ಉಪಕಾರವಾಯಿತು ಎಂದು ಕೈಮುಗಿದು ಹೋಗುತ್ತಾನೆ. ಅಕ್ಕ ಬೀರು ಬರುವ ಮುಂಚೆಯೇ ನಗಲು ಶುರು ಮಾಡುತ್ತಿದ್ದಳು. ತಮ್ಮ ಮನೆಯಲ್ಲಿ ಅವಳು ನಗುತ್ತಿದ್ದದ್ದು ಆಗ ಮಾತ್ರ.

“ಅದರ ಮೇಲೇ ಬರಿಯೇ” ಎಂದಳು ಅಕ್ಕ, ಸಂಗತಿ ಕೇಳಿ. “ಬರೆದ್ರೆ ಸಿನಿಮಾ ಸವೆದು ಹೋಗುತ್ತಾ? ನಿನ್ನ ಸಂಬಳ ನಿಂತ್ರೆ ಇಬ್ಬರೂ ಬೀರು ಹೊರಬೇಕಾಗುತ್ತೆ, ಅಷ್ಟೆ.”

ತಂಗಿ ವಿಷಯ ಕೊಟ್ಟಳು. ಮುಖ್ಯಸ್ಥರು ಈ ಸಲ ಜೀವ ಇದೆ ಎಂದರು. ಭಾನುವಾರ ಅವಳು ಚಾಪೆ ಬಿಟ್ಟು ಕುರ್ಚಿಯಲ್ಲಿ ಕೂತು, ರಿಮೋಟ್ ಒತ್ತಿ ಒತ್ತಿ ನಿಲ್ಲಿಸಿ ನೋಡಿದಳು.

“ಏನೇ ಅದು, ಬಿಕ್ಕಳಿಕೆ ಬಂದವರ ಹಾಗೆ?”

“ಈ ಬೀರು ಇದೆಯಲ್ಲ ಅಕ್ಕಾ, ಇದು ಆಸ್ತಿಯ ರೂಪಕ.”

“ಬೀರು ಅಂದ್ರೆ ಬೀರು ಅಲ್ವಾ?”

ಪಾಠ ಮಾಡಿ ರೂಢಿಯಾದ ತಂಗಿಯ ಬಾಯಿ ಸುಮ್ಮನಿರಲಿಲ್ಲ. ಮಾಲೀಕ ಯಾರು, ಬಾಡಿಗೆದಾರ ಯಾಕೆ ಬಾಗಿ ಮಾತಾಡುತ್ತಾನೆ, ಕ್ಯಾಮೆರಾ ಬಾಗಿಲಲ್ಲೇ ಯಾಕೆ ನಿಂತಿದೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಅಕ್ಕ ಅಡ್ಡ ಮಾತಾಡದೆ ಕೇಳಿಸಿಕೊಂಡಳು. ಹಾಗೆ ಅವಳು ಕೇಳಿಸಿಕೊಂಡದ್ದು ಬಹಳ ವರ್ಷಗಳ ಮೇಲೆ, ತಂಗಿಗೆ ಅದು ಹಿತವಾಗಿಯೇ ಇತ್ತು.

ಆಮೇಲೆ ದೃಶ್ಯವನ್ನು ನಿಲ್ಲಿಸದೆ ಹಾಕಿದಳು. ಬೀರು ಬಂತು, ಸುತ್ತಿತು, ಇದ್ದಲ್ಲಿಗೇ ಮರಳಿತು. ತಂಗಿ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಅಕ್ಕ ವಾರ್ತೆ ನೋಡುವವಳಂತೆ ನೋಡುತ್ತಿದ್ದಳು.

“ಪಾಪ” ಎಂದಳು ಕೊನೆಗೆ. “ಆ ಬಾಡಿಗೆಯವನಿಗೆ ಹೋಗೋಕೆ ಬೇರೆ ಮನೆ ಇರಲಿಲ್ಲ ಅಲ್ವೇನೆ?”

“ಇರಲಿಲ್ಲ ಅಕ್ಕಾ.”

“ಇಷ್ಟು ವರ್ಷ ನಕ್ಕೆವಲ್ಲ” ಎಂದು ಅಕ್ಕ ಎದ್ದು ಚಾಪೆ ಸುತ್ತತೊಡಗಿದಳು. ಸಿನಿಮಾ ಇನ್ನೂ ಅರ್ಧ ಉಳಿದಿತ್ತು.