ಕ್ರಿಸಾಂತೊನ ಹಿಮ್ಮಡಿ

ಕಡಲ ದಂಡೆಯ ನಮ್ಮ ಎಸ್ತೆರೋ ಬ್ಲಾಂಕೊ ಊರಿನಲ್ಲಿ ಒಬ್ಬೊಬ್ಬರು ಒಂದೊಂದಕ್ಕೆ ಹೆಸರುವಾಸಿ. ಪಾದ್ರಿಯ ಗಂಟಲು, ಔಷಧಿ ಅಂಗಡಿ ಮಿರೇಯಾಳ ನಾಲಿಗೆ, ನನ್ನ ಗಂಡ ಕ್ರಿಸಾಂತೊನ ಬಲಗಾಲ ಹಿಮ್ಮಡಿ. ಆ ಹಿಮ್ಮಡಿಯ ಜೊತೆ ನಲವತ್ತೊಂದು ವರ್ಷ ಸಂಸಾರ ಮಾಡಿದವಳು ಈ ಎರ್ಮೆಲಿಂದಾ. ಅದರ ಕಥೆ ಹೇಳುವ ಹಕ್ಕು ನನಗಲ್ಲದೆ ಇನ್ಯಾರಿಗಿದೆ?

ಕಡಲಾಮೆ ದಡ ಹತ್ತಿ ಬಂದು, ಮರಳು ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತದೆ. ಹೋಗುವಾಗ ಸುಮ್ಮನೆ ಹೋಗುವುದಿಲ್ಲ, ಮಂಚದಷ್ಟು ಅಗಲಕ್ಕೆ ಮರಳು ಕೆದರಿ ಎಲ್ಲಾ ಒಂದೇ ಥರ ಕಾಣುವ ಹಾಗೆ ಮಾಡಿ ಹೋಗುತ್ತದೆ. ಗೂಡಿನ ಬಾಯಿ ಮಾತ್ರ ಊಟದ ತಟ್ಟೆಯಷ್ಟೇ. ಅದನ್ನು ಹುಡುಕಬೇಕಾದರೆ ಬರಿಗಾಲಲ್ಲಿ ನಿಂತು, ಹಿಮ್ಮಡಿ ಊರಿ, ಸೊಂಟ ಅಲ್ಲಾಡಿಸುತ್ತಾ ಅಂಗುಲ ಅಂಗುಲ ಸರಿಯಬೇಕು. ನಮ್ಮ ಕಡೆ ಇದನ್ನು ಕುಣಿತ ಅನ್ನುತ್ತಾರೆ. ಎಲ್ಲಿ ಮರಳು ಹಿಮ್ಮಡಿಯನ್ನು ಒಂದು ಚೂರು ಒಳಗೆ ಬಿಟ್ಟುಕೊಳ್ಳುತ್ತದೋ ಅಲ್ಲೇ ಮೊಟ್ಟೆ.

ಮೊದಲು ನಾವೆಲ್ಲ ಮೊಟ್ಟೆ ಕದಿಯುವವರೇ. ಮುಚ್ಚಿಡುವುದೇನು ಬಂತು? ಸಾರಾಯಿ ಅಂಗಡಿಗಳಲ್ಲಿ ಗಂಡಸರು ಅದನ್ನು ಹಸಿಯಾಗಿ ನುಂಗುತ್ತಿದ್ದರು, ಏನೋ ಶಕ್ತಿ ಬರುತ್ತದಂತೆ. ನಮ್ಮ ಪಕ್ಕದ ಮನೆ ನೆರೇಯೊ ಕಬ್ಬಿಣದ ಸರಳು ಚುಚ್ಚಿ ಚುಚ್ಚಿ ಹುಡುಕುತ್ತಿದ್ದ. ಗೂಡಿಗೆ ನಾಲ್ಕು ಮೊಟ್ಟೆಯಾದರೂ ಒಡೆಯುತ್ತಿತ್ತು. ಕ್ರಿಸಾಂತೊ ಒಂದನ್ನೂ ಒಡೆದವನಲ್ಲ. "ಸರಳು ಹಿಡಿಯೋದು ಮನೆ ಕಟ್ಟೋರು ಕಣೋ," ಎಂದು ನೆರೇಯೊನನ್ನು ಊರ ಮುಂದೆಯೇ ಹಂಗಿಸುತ್ತಿದ್ದ. ಮೂವತ್ತು ವರ್ಷ ಹಂಗಿಸಿದ.

ಆಮೇಲೆ ಕಾನೂನು ಬಂತು, ಆಮೆ ಕಾಯುವ ಕೇಂದ್ರವೂ ಬಂತು. ಕದಿಯುವವರನ್ನೇ ಕಾವಲಿಗೆ ಹಾಕಿಕೊಂಡರು. ಅಲೆಗೆ ತೀರ ಹತ್ತಿರ ಇಟ್ಟ ಗೂಡುಗಳನ್ನು ಬೆಳಗ್ಗೆಯೇ ಹುಡುಕಿ, ಮೊಟ್ಟೆ ತೆಗೆದು, ಬೇಲಿ ಹಾಕಿದ ಮೇಲಿನ ಮರಳಿಗೆ ಸಾಗಿಸಬೇಕು. ಇಲ್ಲದಿದ್ದರೆ ಮುಂದಿನ ಭರತದಲ್ಲಿ ಸಮುದ್ರ ಎಳೆದುಕೊಂಡು ಹೋಗುತ್ತದೆ. ಹುಡುಕುವ ಕೆಲಸ ಕ್ರಿಸಾಂತೊನದು. ಅವನು "ಇಲ್ಲಿ" ಎಂದರೆ ತೋಡುತ್ತಾರೆ, "ಹುಸಿ" ಎಂದರೆ ಆಮೆ ಮೊಟ್ಟೆಯಿಡದೆ ವಾಪಸ್ಸಾಗಿದೆ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಅವನ ಮಾತಿಗೆ ಎದುರಿಲ್ಲ.

ಇದನ್ನೆಲ್ಲ ನೋಡಲು, ಕೈಜೋಡಿಸಲು ದೇಶದೇಶಗಳಿಂದ ಸ್ವಯಂಸೇವಕರು ಬರುತ್ತಾರೆ. ಉಳಿಯುವುದು ನಮ್ಮ ಮನೆಯಲ್ಲಿ, ಬೇಯಿಸಿ ಹಾಕುವವಳು ನಾನು. ಎಂಥೆಂಥವರನ್ನು ಕಂಡಿದ್ದೇನೆ! ಹುರುಳಿ ಅನ್ನ ನೋಡಿ ಅತ್ತವಳೊಬ್ಬಳು. ಕೋಳಿಯ ಬಾಲ ತುಳಿದು ಅದಕ್ಕೆ ಮೂರು ಸಲ ಕ್ಷಮೆ ಕೇಳಿದವನೊಬ್ಬ. ಸ್ವಂತ ಊರಿನಲ್ಲಿ ಎಲ್ಲ ಇದ್ದೂ, ಇಲ್ಲಿ ಬಂದು ಸೊಳ್ಳೆಗೆ ರಕ್ತ ಕೊಟ್ಟು ಆಮೆಗೆ ಬೆವರು ಸುರಿಸುತ್ತಾರೆ, ಪಾಪ. ಕ್ರಿಸಾಂತೊ ಕುಣಿದು ಗೂಡು ಹಿಡಿದಾಗ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಅವನು ಕೇಳಿಸದವನ ಹಾಗೆ ಸಮುದ್ರ ನೋಡುತ್ತಾನೆ. ಆದರೆ ಹೊಸ ತಂಡ ಬರುವ ಹಿಂದಿನ ದಿನ ಮೀಸೆ ಕತ್ತರಿಸಿಕೊಳ್ಳುವುದನ್ನು ಮರೆಯುವುದಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಒಂದು ದಿನ ಕೆಲಸ ಮುಗಿಸಿ ಬಂದು, ಕಾಲು ಚಾಚಿ ಕುಳಿತು, ಕರಿದ ಬಾಳೆಕಾಯಿ ತಿನ್ನುತ್ತಿದ್ದ. ನೆಲ ಒರೆಸುತ್ತಿದ್ದ ನನಗೆ ಅವನ ಹಿಮ್ಮಡಿಯಲ್ಲಿ ಏನೋ ಮಿನುಗಿದಂತೆ ಕಂಡಿತು. ಬಗ್ಗಿ ನೋಡಿದರೆ ಮೀನಿನ ಗಾಳ. ಅರ್ಧ ಒಳಗೆ ಹೋಗಿತ್ತು.

"ಇದೇನು ಇದು?" ಎಂದೆ.

ಅವನು ಯಾರದೋ ಕಾಲು ನೋಡುವಂತೆ ನೋಡಿದ. "ಓ," ಎಂದ. ಮತ್ತೊಂದು ತುಂಡು ಬಾಯಿಗೆ ಹಾಕಿಕೊಂಡ.

ಇಕ್ಕಳ ತಂದು ಗಾಳ ಕಿತ್ತೆ. ರಕ್ತ ಬಂತು, ಅವನ ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. ಸಕ್ಕರೆ ಕಾಯಿಲೆ ಇರುವುದು ನಮಗೆ ಗೊತ್ತಿತ್ತು. ಅದು ಕಾಲಿಗಿಳಿದದ್ದು ಅವನೊಬ್ಬನಿಗೇ ಗೊತ್ತಿತ್ತು.

"ಯಾವಾಗಿಂದ?"

"ಜುಲೈಯಿಂದ. ಆಮೆ ಬರೋಕೆ ಶುರುವಾದಾಗಲೇ."

"ಮತ್ತೆ ಇಷ್ಟು ದಿನ ಗೂಡು ಹೆಂಗೆ ಹುಡುಕಿದೆ?"

"ಕಣ್ಣಲ್ಲಿ. ನೊಣ ಎಲ್ಲಿ ಕೂತಿದೆ, ಏಡಿ ಎಲ್ಲಿ ತೂತು ಕೊರೆದಿದೆ ಅಂತ ನೋಡ್ಕೊಂಡು. ಸುಮಾರು ಸರಿಯಾಗೇ ಸಿಗುತ್ತೆ."

"ಸಿಗದೇ ಇದ್ದಾಗ?"

ಅವನು ತಟ್ಟೆ ನೋಡಿದ. "ಹುಸಿ ಅಂತೀನಿ," ಎಂದ. "ಎರ್ಮೆ, ಯಾರ ಹತ್ರಾನೂ ಬಾಯಿ ಬಿಡ್ಬೇಡ."

ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಬಾಯಿ ಬಿಡಲಿಲ್ಲ. ಅಲ್ಲೇ ನಾನು ತಪ್ಪಿದ್ದು. ಮಾರನೆಯ ದಿನದಿಂದ ಕಾಫಿ ಫ್ಲಾಸ್ಕಿನ ನೆಪ ಮಾಡಿಕೊಂಡು ಬೆಳಗ್ಗೆ ಅವರ ಜೊತೆ ಮರಳಿಗೆ ಹೊರಟೆ. ಮುಳ್ಳು ಮೊಳೆ ಕಂಡರೆ ಅವನಿಗಿಂತ ಮೊದಲು ಎತ್ತಿಬಿಡುತ್ತಿದ್ದೆ. ಕೇಂದ್ರದ ಹುಡುಗಿ ಯೋರ್ಲೆನಿ, ಪುಸ್ತಕ ಹಿಡಿದು ಲೆಕ್ಕ ಬರೆಯುವವಳು, ಹಿರಿಯರನ್ನು ದೋನ್, ದೋನ್ಯಾ ಎಂದೇ ಕರೆಯುವವಳು, "ಎಷ್ಟು ಪ್ರೀತಿ ದೋನ್ಯಾ ಎರ್ಮೆ ನಿಮಗೆ," ಎಂದು ನಕ್ಕಳು. ಪ್ರೀತಿಯಂತೆ! ಕಳ್ಳನಿಗೆ ದೀಪ ಹಿಡಿಯುವ ಕೆಲಸ ಅದು.

ಅದೇ ವಾರ ಗೋದೆಲೀವ ಬಂದಳು. ಬೆಲ್ಜಿಯಂ ದೇಶದವಳು, ಐವತ್ತೆಂಟು ವರ್ಷ, ಮೂವತ್ತೈದು ವರ್ಷದಿಂದ ಬ್ರೆಡ್ಡು ಸುಡುವ ಕಸುಬು. ಆ ಹೆಸರು ಯಾರ ಬಾಯಿಗೂ ಹೊಂದದೆ ಎರಡೇ ದಿನಕ್ಕೆ ಲೀವಾ ಆದಳು. ಆಳು ದೊಡ್ಡವಳು, ಮಾತು ಚಿಕ್ಕದು. ನಮ್ಮ ಭಾಷೆ ನೂರು ಪದ ಕಲಿತು ಬಂದಿದ್ದಳು, ಅದರಲ್ಲಿ ಅರ್ಧ ಅಡುಗೆಮನೆಯವು. ಮೊದಲ ದಿನವೇ ನನ್ನ ಹಿಟ್ಟಿನ ಡಬ್ಬ ಮುಚ್ಚಳ ತೆಗೆದು ಮೂಸಿ, "ಹಿಟ್ಟು ಹಳೇದು, ಅಮ್ಮ," ಎಂದಳು. ಎಷ್ಟು ಧೈರ್ಯ! ಮೂಸಿ ನೋಡಿದೆ, ಹಳೆಯದೇ ಆಗಿತ್ತು.

ಹುಣ್ಣಿಮೆಯ ದಿನ ಬೆಳಗ್ಗೆ ಆರಕ್ಕೆ ನಾವು ನಾಲ್ವರೂ ನಡೆಯುತ್ತಿದ್ದಾಗ ಅಲೆಯ ಅಂಚಿನಲ್ಲೇ ಕೆದರಿದ ಜಾಗ ಸಿಕ್ಕಿತು. ಹುಣ್ಣಿಮೆ ಭರತ ಮಧ್ಯಾಹ್ನ ಮೂರಕ್ಕೆ ಅಲ್ಲಿಗೆ ಬರುವುದು ಖಂಡಿತ. ಕ್ರಿಸಾಂತೊ ಚಪ್ಪಲಿ ಬಿಟ್ಟು ಕುಣಿದ. ಸುತ್ತ ನೊಣವೂ ಇಲ್ಲ, ಏಡಿಯೂ ಇಲ್ಲ. ಎರಡು ಸುತ್ತು ಸುತ್ತಿ, ಬೆವರು ಒರೆಸಿಕೊಂಡು, "ಹುಸಿ," ಎಂದ.

ಯೋರ್ಲೆನಿ ಬರೆಯಲು ಹೊರಟಳು. ಲೀವಾ ಹಿಂದೆ ಬರಿಗಾಲಲ್ಲಿ ಬರುತ್ತಿದ್ದವಳು ಆ ಜಾಗ ದಾಟುವಾಗ ನಿಂತಳು. ಅಲ್ಲೇ ಕಾಲು ಎತ್ತಿ ಮತ್ತೆ ಊರಿದಳು.

"ದೋನ್ ಕ್ರಿಸಾಂತೊ, ಇಲ್ಲಿ ಹಿಟ್ಟು ಉಬ್ಬಿದೆ," ಎಂದಳು.

"ಏನಂತಾಳೆ ಇವಳು?"

"ಸುತ್ತ ಗಟ್ಟಿ. ಇಲ್ಲಿ ಮೆತ್ತಗೆ. ನನಗೆ ಗೊತ್ತು ಮೆತ್ತಗೆ."

"ಬ್ರೆಡ್ಡಲ್ಲಮ್ಮ ಇದು, ಮರಳು. ಅಲ್ಲೇನೂ ಇಲ್ಲ. ನಡೀರಿ ಮುಂದೆ."

ಸ್ವಲ್ಪ ದೂರದಲ್ಲಿ ಬಲೆ ಹೊಲಿಯುತ್ತಾ ಕುಳಿತಿದ್ದ ನೆರೇಯೊ ತಲೆಯೆತ್ತಿ, "ಕುಣಿಯೋಕೆ ಬಾರದವನು ನೆಲ ಡೊಂಕು ಅಂದನಂತೆ," ಎಂದ. ಅವನಿಗೇನೂ ತಿಳಿದಿರಲಿಲ್ಲ, ರೂಢಿಯ ಮಾತು. ಆದರೆ ಕ್ರಿಸಾಂತೊನ ಕತ್ತು ಕೆಂಪಾಯಿತು. ಯೋರ್ಲೆನಿ ಒಮ್ಮೆ ಅವನನ್ನು, ಒಮ್ಮೆ ಲೀವಾಳನ್ನು ನೋಡಿ, ಹನ್ನೆರಡು ವರ್ಷದ ನಂಬಿಕೆಯಲ್ಲಿ "ಹುಸಿ" ಎಂದೇ ಬರೆದಳು. ಲೀವಾ ನನ್ನ ಕಡೆ ತಿರುಗಿದಳು. ನಾನು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದೆ.

ಮನೆಗೆ ಬಂದು ಎಂಟಾಯಿತು, ಒಂಬತ್ತಾಯಿತು. ಅವನು ತಿಂಡಿ ಮುಟ್ಟಲಿಲ್ಲ. ನಾನು ಪಾತ್ರೆಗಳನ್ನು ಬೇಕೆಂತಲೇ ಜೋರಾಗಿ ತೊಳೆದೆ. ಕೊನೆಗೆ ತಡೆಯಲಾಗಲಿಲ್ಲ.

"ನೂರು ಮೊಟ್ಟೆ ಕಣೋ ಮುದುಕ! ಕದಿಯೋ ಕಾಲದಲ್ಲೂ ನೀನು ಒಂದೂ ಒಡೆದೋನಲ್ಲ. ಈಗ ಕಾಯೋಕೆ ಅಂತ ನಿಂತು ಮುಳುಗಿಸ್ತಿದೀಯ."

"ಹೇಳಿಬಿಟ್ಟರೆ ನಾಳೆಯಿಂದ ನಾನ್ಯಾರು?" ಎಂದ. ದನಿ ಸಣ್ಣಗಾಗಿತ್ತು. "ಬೇಲಿ ಪಕ್ಕ ಕುರ್ಚಿ ಹಾಕಿ ಕೂರಿಸ್ತಾರೆ. ನಾಯಿ ಓಡಿಸೋ ಮುದುಕ. ನನ್ನ ಹತ್ರ ಇನ್ನೇನಿದೆ, ಎರ್ಮೆ? ಓದಿಲ್ಲ, ದೋಣಿಯಿಲ್ಲ. ಇದೊಂದಿತ್ತು."

ನನಗೆ ಅಳು ಬಂತು. ಅದನ್ನು ಸಿಟ್ಟಿನಲ್ಲೇ ನುಂಗಿದೆ. "ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಎಷ್ಟು ದಿನ ಓಡಾಡ್ತೀಯ? ಮೂರು ಗಂಟೆಗೆ ಭರತ. ನೀನು ಹೋಗ್ತೀಯೋ, ನಾನು ಹೋಗಿ ಹೇಳಲೋ?"

ಅವನು ಎದ್ದು ಟೋಪಿ ಹಾಕಿಕೊಂಡು ಅಡುಗೆಮನೆಗೆ ಬಂದ. ಅಲ್ಲಿ ಲೀವಾ, ತಾನೇ ಕೊಂಡು ತಂದ ಹೊಸ ಹಿಟ್ಟಿನಲ್ಲಿ ಮೊಣಕೈವರೆಗೂ ಮುಳುಗಿದ್ದಳು.

"ಬಾ," ಎಂದ. "ಚಪ್ಪಲಿ ಬಿಟ್ಟು ಬಾ."

ಮರಳು ಕಾದು ಸುಡುತ್ತಿತ್ತು. ಯೋರ್ಲೆನಿಯನ್ನು ಕರೆದುಕೊಂಡು ನಾನೂ ಹಿಂದೆ ಓಡಿದೆ. ನೆರೇಯೊ ಇನ್ನೂ ಅಲ್ಲೇ ಇದ್ದ. ಅವನ ಮುಂದೆ ಇವನು ಹೇಳುತ್ತಾನೋ ಇಲ್ಲವೋ ಎಂದುಕೊಂಡೆ. ಕ್ರಿಸಾಂತೊ ಅವನಿಗೂ ಕೇಳುವಷ್ಟು ಜೋರಾಗಿಯೇ ಯೋರ್ಲೆನಿಗೆ ಹೇಳಿದ.

"ನನ್ನ ಹಿಮ್ಮಡಿ ಸತ್ತಿದೆ, ಮಗಳೇ. ಜುಲೈಯಿಂದ ಏನೂ ಗೊತ್ತಾಗ್ತಿಲ್ಲ. ಬೆಳಗ್ಗೆ ಇಲ್ಲಿ ಹುಸಿ ಅಂದೆ. ನನಗೆ ಗೊತ್ತಿಲ್ಲ ಅಂತ ಹೇಳ್ಬೇಕಿತ್ತು."

ಅವನು ಲೀವಾಳ ಮೊಣಕೈ ಹಿಡಿದ.

"ಭಾರ ಹಾಕ್ಬೇಡ. ಹಿಮ್ಮಡಿ ಊರು. ಸೊಂಟ ತಿರುಗಿಸು. ಇನ್ನೂ. ಏನು, ನಿಮ್ಮೂರಲ್ಲಿ ಮದುವೆಗೆ ಯಾರೂ ಕುಣಿಯಲ್ವ?"

"ನಾನು ಕುಣಿದಿದೀನಿ ಮದುವೆ. ಆಮೇಲೆ ಗಂಡ ಓಡಿಹೋದ," ಎಂದಳು ಲೀವಾ.

ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ನಗುತ್ತಾ ನಗುತ್ತಾ ಸರಿದವಳು ಒಮ್ಮೆಲೇ ನಿಂತಳು. ಕೆಳಗೆ ನೋಡಲಿಲ್ಲ, ಕಣ್ಣು ಮುಚ್ಚಿದಳು. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹಳೆಯ ಕಾಲದಲ್ಲಿ ಕ್ರಿಸಾಂತೊನ ಮುಖ ಹೀಗೇ ಆಗುತ್ತಿತ್ತು.

ಅವನು ಮೊಣಕಾಲೂರಿ ಕೈಯಿಂದ ತೋಡಿದ. ಕೈಬೆರಳು ಇನ್ನೂ ಚೆನ್ನಾಗಿವೆ, ದೇವರು ಅಷ್ಟು ಮಾಡಿದ್ದಾನೆ. ಮೊಳ ಕೆಳಗೆ ಮೊಟ್ಟೆ. ಇಟ್ಟು ಹೊತ್ತಾಗಿದ್ದರಿಂದ ಒಂದನ್ನೂ ಹೊರಳಿಸದೆ, ಇದ್ದ ಹಾಗೇ ಎತ್ತಿ ಎತ್ತಿ ಲೀವಾಳ ಕೈಗೆ ಕೊಟ್ಟ. ತೊಂಬತ್ತೇಳು. ಯೋರ್ಲೆನಿ ಪುಸ್ತಕ ತೆಗೆದು ಬೆಳಗಿನ ಮಾತು ಹೊಡೆದುಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ದೋನ್ ಕ್ರಿಸಾಂತೊ, ಜುಲೈಯಿಂದ ಹೀಗೆ ಹುಸಿ ಅಂದದ್ದು ಎಷ್ಟಿರಬಹುದು?"

ಪುಸ್ತಕ ನೋಡಿ ಅವಳೇ ಹೇಳಬಹುದಿತ್ತು. ಅವನು ತಡ ಮಾಡಲೇ ಇಲ್ಲ.

"ಹನ್ನೊಂದು," ಎಂದ. "ಎಲ್ಲೆಲ್ಲಿ ಅಂತಾನೂ ತೋರಿಸ್ತೀನಿ."

ತೋರಿಸಿ ಏನು ಪ್ರಯೋಜನ, ಅಲ್ಲೆಲ್ಲ ಈಗ ನೀರು. ಯೋರ್ಲೆನಿ ಪುಸ್ತಕ ಮುಚ್ಚಿದಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನಾಳೆ ಐದೂವರೆಗೆ ಬನ್ನಿ," ಎಂದಳು. "ನೀವು ಹೇಳಿಕೊಡಿ, ಇವರು ಕುಣೀಲಿ."

ಅಷ್ಟರಲ್ಲಿ ನೆರೇಯೊ ಬಲೆ ಬಿಟ್ಟು ಎದ್ದು ಬರುತ್ತಿದ್ದ. ಮೂವತ್ತು ವರ್ಷ ಹಂಗಿಸಿದ್ದನ್ನು ಇವತ್ತು ಬಡ್ಡಿ ಸಮೇತ ತೀರಿಸುತ್ತಾನೆ ಎಂದು ನಾನು ಸೆರಗು ಸಿಕ್ಕಿಸುವವಳ ಹಾಗೆ ಏಪ್ರನ್ ಬಿಗಿದು ನಿಂತೆ. ಅವನು ಬಂದು ಕ್ರಿಸಾಂತೊನ ಎದುರು ನಿಂತ, ಸಮುದ್ರ ನೋಡಿದ, ಚಪ್ಪಲಿ ಬಿಟ್ಟ.

"ನನಗೂ ಹೇಳಿಕೊಡು," ಎಂದ. "ಬರ್ತಾ ಇದ್ದಿದ್ರೆ ನಾನ್ಯಾಕೆ ಸರಳು ಹಿಡೀತಿದ್ದೆ, ಕತ್ತೆ."

ಲೀವಾ ಮೂರು ವಾರ ಮುಗಿಸಿ ಹೋಗುವಷ್ಟರಲ್ಲಿ ಹದಿನಾಲ್ಕು ಗೂಡು ಹಿಡಿದಿದ್ದಳು. ನನ್ನ ಅಡುಗೆಮನೆಯಲ್ಲಿ ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟು ಒಂದು ಮಡಕೆ ಬಿಟ್ಟು ಹೋಗಿದ್ದಾಳೆ. ಮಗುವಿನಂತೆ ಅದಕ್ಕೆ ದಿನಾ ಹೊಸ ಹಿಟ್ಟು ಉಣಿಸಬೇಕಂತೆ, ಇನ್ನೊಂದು ಕೆಲಸ ನನಗೆ. ನೆರೇಯೊ ಇನ್ನೂ ಕಲಿಯುತ್ತಿದ್ದಾನೆ, ಮರದ ಕೊರಡಿನ ಸೊಂಟ ಅವನದು. ಕ್ರಿಸಾಂತೊ ಪಕ್ಕದಲ್ಲಿ ನಿಂತು ಬೈಯುತ್ತಾನೆ. ಕಾಲಿಗೆ ಮಾತ್ರ ಈಗ ದಪ್ಪ ಬೂಟು, ಡಾಕ್ಟರ ಅಪ್ಪಣೆ.

ನವೆಂಬರಿನಲ್ಲಿ, ಬೇಲಿಯೊಳಗೆ ಸಾಗಿಸಿದ್ದ ಆ ಹುಣ್ಣಿಮೆಯ ಗೂಡು ಒಡೆಯಿತು. ಬೆಳಗಿನ ತಂಪಿನಲ್ಲಿ ಮರಿಗಳು ಮರಳಿನಿಂದ ಎದ್ದು ಬಂದವು, ಎಂಬತ್ತೊಂದು. ಎತ್ತಬಾರದು, ಅವೇ ನಡೆದು ನೀರು ಸೇರಬೇಕು. ನಾವು ಸಾಲಾಗಿ ಕುಳಿತು ಹಕ್ಕಿ ಓಡಿಸಿದೆವು. ಅವತ್ತೊಂದು ದಿನಕ್ಕೆ ಕ್ರಿಸಾಂತೊ ಬೂಟು ಬಿಚ್ಚಿ, ಕಾಲು ಚಾಚಿ ನನ್ನ ಪಕ್ಕ ಕುಳಿತಿದ್ದ. ಬೈಯೋಣ ಎಂದುಕೊಂಡವಳು ಸುಮ್ಮನಾದೆ.

ಒಂದು ಮರಿ ದಾರಿ ತಪ್ಪಿ ನಮ್ಮ ಕಡೆ ಬಂತು. ನೇರ ಅವನ ಬಲಗಾಲಿಗೆ ಬಂದು, ರೆಕ್ಕೆಯಂಥ ಪುಟ್ಟ ಕೈಯಲ್ಲಿ ಹಿಮ್ಮಡಿ ಕೆರೆಯತೊಡಗಿತು. ಅವನು ದೂರದ ಹಕ್ಕಿಯನ್ನೇ ನೋಡುತ್ತಿದ್ದ.

"ಅಲ್ಲಾಡ್ಬೇಡ," ಎಂದೆ. "ನಿನ್ನ ಹಿಮ್ಮಡಿ ಹತ್ತಿರ ಒಂದಿದೆ."

ಅವನ ಮೈ ಕಲ್ಲಿನಂತೆ ನಿಂತಿತು. ತಿರುಗಿ ನೋಡಲು ಧೈರ್ಯ ಸಾಲದೆ ಕೇಳಿದ, "ಹೆಂಗಿದೆ ಎರ್ಮೆ? ಏನ್ಮಾಡ್ತಿದೆ ಹೇಳು."

"ಕಚಗುಳಿ ಇಡ್ತಿದೆ," ಎಂದೆ.

"ಹಂಗಾದ್ರೆ ನಗ್ಬೇಕಲ್ಲ," ಎಂದು ಅವನು ನಗಲು ಶುರುಮಾಡಿದ. ಮರಿ ನೀರು ಸೇರುವವರೆಗೂ, ಕಾಲನ್ನು ಒಂದು ಕೂದಲಷ್ಟೂ ಅಲ್ಲಾಡಿಸದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.