ಎರಡು ಇಂಜಿನ್, ಒಂದೇ ಟ್ಯಾಂಕು

ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಅವನಿಗೆ ‘ನಿಮ್ಮಿಷ್ಟ ಮೇಸ್ತ್ರಿ’ ಎಂದೇ ಹೆಸರು. ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಸಲಹೆ ಕೇಳಿದಿರೋ, ಕೆಟ್ಟಿರಿ. ಇದನ್ನು ರಿಪೇರಿ ಮಾಡಿಸಲೋ, ಮಾರಿಬಿಡಲೋ ಎಂದರೆ “ನಿಮ್ಮಿಷ್ಟ” ಎಂದು ಸ್ಪ್ಯಾನರ್ ಒರೆಸುತ್ತಾ ಕೂರುತ್ತಿದ್ದ. ಹಲ್ಲಿನ ಡಾಕ್ಟರು ಯಾವ ಹಲ್ಲು ಕೀಳಲಿ ಎಂದು ರೋಗಿಯನ್ನೇ ಕೇಳಿದ ಹಾಗೆ!

ಹನ್ನೊಂದು ವರ್ಷದ ಹಿಂದೆ ಹೀಗಿರಲಿಲ್ಲ. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುತ್ತಿದ್ದ ಆಸಾಮಿ ಅವನು. ಅವನ ಅಣ್ಣ ಹಳೆಯ ದೋಣಿಯೊಂದನ್ನು ಕೊಳ್ಳಲು ಹೊರಟು, ಒಂದು ಇಂಜಿನ್ ಸಾಕೋ ಎರಡು ಬೇಕೋ ಎಂದು ತಲೆ ಕೆರೆದುಕೊಂಡಾಗ ತೀರ್ಪು ಕೊಟ್ಟವನು ಇವನೇ. “ಎರಡು ಇದ್ದಮೇಲೆ ಭಯ ಯಾಕಣ್ಣ? ಒಂದು ಕೈಕೊಟ್ಟರೆ ಇನ್ನೊಂದು ಮನೆ ಮುಟ್ಟಿಸುತ್ತೆ.” ಎರಡು ಟ್ಯಾಂಕು ಇಟ್ಟರೆ ಬಲೆಗೆ ಜಾಗ ಸಾಲದೆಂದು ಎರಡೂ ಇಂಜಿನ್ನುಗಳ ಪೈಪನ್ನು ಒಂದೇ ಟ್ಯಾಂಕಿಗೆ ಸೇರಿಸಿದವನೂ ಇವನೇ.

ಆ ವರ್ಷವೇ ಒಂದು ಮಧ್ಯಾಹ್ನ ಜೋರು ಗಾಳಿ ಎದ್ದಿತು. ಉಳಿದವರೆಲ್ಲ ದಡ ಸೇರಿದರು, ಅಣ್ಣ ಸೇರಲಿಲ್ಲ. ಮೂರನೆಯ ದಿನ ಹೆಣ ಸಿಕ್ಕಿತು. ಖಾಲಿ ದೋಣಿ ಆಚೆಯ ಮರಳಿಗೆ ಬಂದು ಬಿದ್ದಿತ್ತು. ಗಾಳಿ ಕಂಡೂ ತಿರುಗಲಿಲ್ಲ, ಹಟಮಾರಿ ಎಂದು ಊರು ಮಾತಾಡಿತು. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಹಾಕಬಹುದಾಗಿದ್ದವನು ಮೇಸ್ತ್ರಿ ಒಬ್ಬನೇ. ಎರಡೂ ಇಂಜಿನ್ನುಗಳನ್ನು ಬಿಚ್ಚಿ ನೋಡಿದಾಗ ಎರಡರ ಕಾರ್ಬೊರೇಟರಿನಲ್ಲೂ, ಟ್ಯಾಂಕಿನ ತಳದಲ್ಲೂ ನೀರಿತ್ತು. ನಾಲಿಗೆಗೆ ಮುಟ್ಟಿಸಿ ನೋಡಿದ. ಉಪ್ಪಿರಲಿಲ್ಲ. ಅಂದರೆ ಅದು ಕಡಲಿನ ನೀರಲ್ಲ, ಪೆಟ್ರೋಲಿನ ಜೊತೆಗೇ ಬಂದು ಎರಡನ್ನೂ ನಿಲ್ಲಿಸಿದ್ದು. ಅವನು ಎಲ್ಲವನ್ನೂ ಮತ್ತೆ ಜೋಡಿಸಿಟ್ಟ. ಯಾರಿಗೂ ಹೇಳಲಿಲ್ಲ. ಅಂದಿನಿಂದ ಅವನ ಬಾಯಿಂದ ಸಲಹೆ ಎಂಬುದು ಹೊರಬೀಳಲಿಲ್ಲ.

ಈಗ ಅದೇ ಅಣ್ಣನ ಹೆಂಡತಿ ಅವನನ್ನು ಕರೆದುಕೊಂಡು ಬಂದಿದ್ದಳು. ಮಗಳು ದೋಣಿ ನಡೆಸುವ ಲೈಸೆನ್ಸ್ ತೆಗೆದುಕೊಂಡು, ಎದುರಿನ ದ್ವೀಪಕ್ಕೆ ಟೀಚರುಗಳನ್ನೂ ನರ್ಸಮ್ಮನನ್ನೂ ದಿನವೂ ದಾಟಿಸುವ ಕೆಲಸ ಹಿಡಿಯುವವಳಿದ್ದಳು. ಮಾರಾಟಕ್ಕಿದ್ದ ಎರಡು ಹಳೆಯ ದೋಣಿಗಳು ಮರದ ದಿಮ್ಮಿಗಳ ಮೇಲೆ ಕೂತಿದ್ದವು. ಒಂದಕ್ಕೆ ಒಂದೇ ದೊಡ್ಡ ಇಂಜಿನ್, ಇನ್ನೊಂದಕ್ಕೆ ಸಣ್ಣವು ಎರಡು.

“ಯಾವುದು ತಗೊಳ್ಳಲಿ, ನೀನೇ ಹೇಳು.”

“ನಿಮ್ಮಿಷ್ಟ ಅತ್ತಿಗೆ.”

“ನನ್ನಿಷ್ಟ ತಿಳ್ಕೊಳ್ಳೋಕೆ ನಿನ್ನ ಹತ್ರ ಯಾಕೋ ಬರಬೇಕು? ಮನೇಲಿ ಕನ್ನಡಿ ಇತ್ತಲ್ಲ!”

ಮೇಸ್ತ್ರಿ ನಗಲಿಲ್ಲ. ಜೋಡಿ ಇಂಜಿನ್ನಿನ ದೋಣಿಯೊಳಕ್ಕೆ ಬಗ್ಗಿ ನೋಡಿದ. ಎರಡು ಪೈಪುಗಳು ಬಂದು ಒಂದೇ ಟ್ಯಾಂಕಿಗೆ ಸೇರಿದ್ದವು. ಅಣ್ಣನ ದೋಣಿಯಲ್ಲಿದ್ದಂತೆಯೇ. ಮರುಕ್ಷಣವೇ ಅವನಿಗೆ ಸುಲಭದ ದಾರಿಯೊಂದು ಹೊಳೆಯಿತು. ಇದನ್ನೇ ಕೊಳ್ಳಲಿ. ನಾಳೆ ತಾನೇ ಬಂದು ಇನ್ನೊಂದು ಟ್ಯಾಂಕು ಕೂರಿಸಿದರಾಯಿತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಅಣ್ಣನ ಮಗಳು ಕ್ಷೇಮ, ತನ್ನ ಗುಟ್ಟೂ ಕ್ಷೇಮ.

ಅಷ್ಟರಲ್ಲಿ ಅತ್ತಿಗೆ ಇಂಜಿನ್ನಿನ ಮೇಲೆ ಕೈಯಿಟ್ಟು ಹೇಳಿದಳು:

“ಎರಡಿದ್ದೂ ನಿಮ್ಮಣ್ಣ ಬರಲಿಲ್ಲ. ಇಂಜಿನ್ ಏನು ಮಾಡುತ್ತೆ ಬಿಡು. ಹೆಂಡ್ತಿ ಮಗಳು ಕಾಯ್ತಿದ್ದಾರೆ ಅನ್ನೋದು ನೆನಪಿದ್ದಿದ್ರೆ ದೋಣಿ ತಿರುಗಿಸ್ತಿದ್ರು.”

ಸಿಟ್ಟಿನಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆಕೆ ಅದನ್ನು ಎಂದೋ ಒಪ್ಪಿಕೊಂಡ ಮಾತಿನಂತೆ ಹೇಳಿದಳು. ತಾನು ಮುಚ್ಚಿಟ್ಟದ್ದು ಬರೀ ತನ್ನ ತಪ್ಪನ್ನಲ್ಲ, ಅಣ್ಣನ ಒಳ್ಳೆಯ ಹೆಸರನ್ನು ಕೂಡ ಎಂಬುದು ಅವನಿಗೆ ಆಗ ಹೊಳೆಯಿತು. ದಿಮ್ಮಿಯ ಮೇಲೆ ಕೂತು ಬಾಯಿಬಿಟ್ಟ.

“ಅಣ್ಣನಿಗೆ ತಿರುಗಿಸೋಕೆ ಆಗಲಿಲ್ಲ ಅತ್ತಿಗೆ. ಪೆಟ್ರೋಲಲ್ಲಿ ನೀರಿತ್ತು. ಎರಡಕ್ಕೂ ಒಂದೇ ಟ್ಯಾಂಕು. ಸೇರಿಸಿದ್ದು ನಾನು. ಎರಡಿದ್ದಮೇಲೆ ಭಯ ಯಾಕೆ ಅಂದಿದ್ದೂ ನಾನೇ.”

ಬೈಗುಳಕ್ಕೆ, ಏಟಿಗೂ ಕೂಡ, ಅವನು ಸಿದ್ಧನಾಗಿ ಕೂತಿದ್ದ. ಅತ್ತಿಗೆ ಕೇಳಿದ್ದು ಬೇರೆಯೇ.

“ಎರಡೂ ಒಟ್ಟಿಗೇ ನಿಂತುಹೋದ್ವಾ?”

“ಹೆಚ್ಚುಕಮ್ಮಿ ಒಟ್ಟಿಗೇ.”

“ಹಾಗಾದ್ರೆ ಅವರು ಬರೋಕೆ ನೋಡಿದ್ರು.”

“ನೋಡಿದ್ದಾರೆ ಅತ್ತಿಗೆ. ಇಂಜಿನ್ ಚಾಲೂ ಮಾಡೋ ಹಗ್ಗ ಇರುತ್ತಲ್ಲ, ಎರಡರದ್ದೂ ತುಂಡಾಗಿತ್ತು. ತುಂಡಾಗೋವರೆಗೂ ಎಳೆದಿದ್ದಾರೆ.”

ಆಕೆ ದೋಣಿಯ ಅಂಚನ್ನು ಹಿಡಿದುಕೊಂಡಳು. ಗಂಡ ಸತ್ತ ದಿನವೂ ಯಾರ ಮುಂದೆಯೂ ಅಳದವಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

“ಹನ್ನೊಂದು ವರ್ಷ ಅವರನ್ನ ಬೈದೆ ಕಣೋ. ದೀಪ ಹಚ್ಚುವಾಗಲೂ ಬೈದೆ. ಮಗಳಿಗೂ ಅದನ್ನೇ ಹೇಳಿ ಬೆಳೆಸಿದೆ, ನಿಮ್ಮಪ್ಪನಿಗೆ ನಾವು ಬೇಕಾಗಿರಲಿಲ್ಲ ಅಂತ.”

ಮೇಸ್ತ್ರಿಗೆ ತಲೆ ಎತ್ತಲಾಗಲಿಲ್ಲ. ತೊದಲುತ್ತಾ ಹೇಳಿದ: “ಜೋಡಿ ಇಂಜಿನ್‌ದೇ ತಗೊಳ್ಳಿ. ಆದರೆ ಟ್ಯಾಂಕು ಎರಡು ಇರಬೇಕು, ಪೈಪೂ ಬೇರೆ ಬೇರೆ. ಪೆಟ್ರೋಲು ಕೂಡ ಬೇರೆ ಬೇರೆ ಕಡೆ ತುಂಬಿಸಬೇಕು. ನಾನು ಇವತ್ತೇ ಶುರು ಮಾಡ್ತೀನಿ.”

“ಅದು ಆಮೇಲೆ.” ಅತ್ತಿಗೆ ಮುಖ ಒರೆಸಿಕೊಂಡಳು. “ನಿನ್ನನ್ನ ಕ್ಷಮಿಸ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ಎದ್ದೇಳು, ಮನೆಗೆ ನಡಿ. ಮಗಳು ಮನೇಲೇ ಇದ್ದಾಳೆ. ಮೊದಲು ಆ ಹಗ್ಗದ ವಿಷಯ ಹೇಳು.”